ಸ್ಯಾನ್ ಫ್ರಾನ್ಸಿಸ್ಕೊ ಸುತ್ತ ಕಡಲ ಪಕ್ಕ ಆರ್‌ವಿ ಕ್ಯಾಂಪಿಂಗ್: ದಾವಣಗೆರೆಯಿಂದ ಹೊರಡುವ ಮೊದಲು ಮತ್ತು ಹೋದಮೇಲೆ

ಮಾರ್ಚ್ ಬಂತೆಂದರೆ ನನಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. ವಿದ್ಯಾನಗರದಲ್ಲಿ ವಾಕಿಂಗ್ ಮಾಡುವಾಗ ಒಬ್ಬರು, ಚಿತ್ರದುರ್ಗದಿಂದ ಫೋನಿನಲ್ಲಿ ಇನ್ನೊಬ್ಬರು. "ಮಗಳು ಫ್ರೀಮಾಂಟ್‌ನಲ್ಲಿದ್ದಾಳೆ, ಏಪ್ರಿಲ್‌ಗೆ ಹೊರಟಿದ್ದೇವೆ. ಆ ಮನೆಯಂಥ ಗಾಡಿ ಬಾಡಿಗೆಗೆ ತಗೊಂಡು ಸಮುದ್ರದ ಪಕ್ಕ ಎರಡು ರಾತ್ರಿ ಮಲಗಬೇಕು ಅಂತ ಆಸೆ, ಹೇಗೆ ಮಾಡೋದು?" ಎಲ್ಲರಿಗೂ ಬೇರೆ ಬೇರೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಬರೆಯುತ್ತಿರುವುದು ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾಗೆ ಮಾತ್ರ. ನಮ್ಮ ಕಡೆಯ ಮಕ್ಕಳು ಜಾಸ್ತಿ ಇರುವುದು ಅಲ್ಲೇ ಅಲ್ವಾ. ಬೇರೆ ರಾಜ್ಯದ ನಿಯಮಗಳು ಬೇರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ: ಮೊದಲು ಜಾಗ, ಆಮೇಲೆ ಗಾಡಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ಮೊದಲು ಚಂದದ ಗಾಡಿ ನೋಡಿ ಬಾಡಿಗೆಗೆ ಹಿಡಿಯುತ್ತಾರೆ, ಆಮೇಲೆ ಅದನ್ನು ನಿಲ್ಲಿಸುವುದಕ್ಕೆ ಜಾಗ ಹುಡುಕುತ್ತಾ ಕೂರುತ್ತಾರೆ. ಗಾಡಿ ಯಾವತ್ತಾದರೂ ಸಿಗುತ್ತದೆ. ಬೇಸಿಗೆ ವಾರಾಂತ್ಯದಲ್ಲಿ ಸಮುದ್ರದ ಪಕ್ಕದ ಜಾಗ ಸಿಗುವುದಿಲ್ಲ.

ಮೊದಲು ನಾಲ್ಕು ಪದ ಗೊತ್ತಿರಲಿ

ಆರ್‌ವಿ ಅಂದರೆ ಒಳಗೆ ಹಾಸಿಗೆ, ಒಲೆ, ಫ್ರಿಜ್, ಕಕ್ಕಸು ಎಲ್ಲ ಇರುವ ಗಾಡಿ. ಇದರಲ್ಲಿ ಜಾತಿಗಳಿವೆ. ಕ್ಲಾಸ್ ಎ ಅಂದರೆ ನಮ್ಮ ವೋಲ್ವೊ ಬಸ್ಸಿನಷ್ಟು ದೊಡ್ಡದು. ಕ್ಲಾಸ್ ಬಿ ಅಂದರೆ ವ್ಯಾನು. ಕ್ಲಾಸ್ ಸಿ ಎರಡರ ನಡುವಿನದು, ಡ್ರೈವರ್ ತಲೆಯ ಮೇಲೆ ಚಾಚಿಕೊಂಡ ಒಂದು ಅಟ್ಟ ಇರುತ್ತದೆ, ಅಲ್ಲಿ ಮೊಮ್ಮಕ್ಕಳು ಮಲಗುತ್ತಾರೆ. ಬಾಡಿಗೆಗೆ ಹೆಚ್ಚಾಗಿ ಸಿಗುವುದು ಇದೇ. ಟ್ರೈಲರ್ ಅಂದರೆ ಇಂಜಿನ್ ಇಲ್ಲದ್ದು, ಕಾರಿನ ಹಿಂದೆ ಎಳೆದುಕೊಂಡು ಹೋಗುವುದು. ಮೊದಲ ಸಲಕ್ಕೆ ಅದರ ಸಹವಾಸ ಬೇಡ, ರಿವರ್ಸ್ ತೆಗೆಯುವಾಗ ಅಳು ಬರುತ್ತದೆ.

ಸೈಟ್ ಅಂದರೆ ನಿಮ್ಮ ಗಾಡಿ ನಿಲ್ಲುವ ಜಾಗ. ನಂಬರ್ ಇರುತ್ತದೆ, ಜೊತೆಗೆ ಒಂದು ಮೇಜು, ಒಂದು ಬೆಂಕಿ ಗುಂಡಿ.

ಹುಕ್ಅಪ್ ಅಂದರೆ ಆ ಸೈಟಿನಲ್ಲಿ ಸಿಗುವ ಸಂಪರ್ಕ. ಕರೆಂಟು, ನೀರು, ಒಳಚರಂಡಿ ಮೂರೂ ಇದ್ದರೆ ಫುಲ್ ಹುಕ್ಅಪ್. ಏನೂ ಇಲ್ಲದಿದ್ದರೆ ಡ್ರೈ ಕ್ಯಾಂಪಿಂಗ್, ಅಂದರೆ ಗಾಡಿಯ ಬ್ಯಾಟರಿ, ಗಾಡಿಯ ಟ್ಯಾಂಕಿನ ನೀರು, ಅಷ್ಟೇ.

ಡಂಪ್ ಸ್ಟೇಷನ್ ಅಂದರೆ ಗಾಡಿಯ ಕೊಳೆ ನೀರು ಖಾಲಿ ಮಾಡುವ ಕಟ್ಟೆ. ಇದರ ಬಗ್ಗೆ ಕೆಳಗೆ ಉದ್ದಕ್ಕೆ ಬರೆದಿದ್ದೇನೆ, ಯಾಕೆಂದರೆ ಯಾರೂ ಇದನ್ನು ಹೇಳಿಕೊಡುವುದಿಲ್ಲ.

1. ತಿಂಗಳು ಆರಿಸಿ

ಇಲ್ಲಿ ಏಪ್ರಿಲ್ ಮೇ ಬಿಸಿಲು ತಡೆಯಲಾರದೆ ಹೊರಡುವವರು ಅಲ್ಲಿ ಜೂನ್ ಜುಲೈ ಅಂದರೆ ಬೇಸಿಗೆ, ಬೀಚಿಗೆ ಅದೇ ಸರಿ ಎಂದುಕೊಳ್ಳುತ್ತಾರೆ. ತಪ್ಪು. ಅಲ್ಲಿನ ಕರಾವಳಿಗೆ ಬೇಸಿಗೆ ಅಂದರೆ ಮಂಜು. ಒಳನಾಡಿನ ಕಣಿವೆ ಕಾದು ಕೆಂಡವಾದಾಗ ತಣ್ಣನೆಯ ಪೆಸಿಫಿಕ್ ಸಾಗರದ ಮೇಲಿನ ಗಾಳಿ ಒಳಗೆ ನುಗ್ಗುತ್ತದೆ, ಜೊತೆಗೆ ಮಂಜನ್ನೂ ಎಳೆದು ತರುತ್ತದೆ. ಫ್ರೀಮಾಂಟ್‌ನಲ್ಲಿ ಟೀ ಶರ್ಟ್ ಹಾಕಿ ಹೊರಟವರು ಒಂದು ಗಂಟೆಯಲ್ಲಿ ಹಾಫ್ ಮೂನ್ ಬೇ ತಲುಪಿ ಗಡಗಡ ನಡುಗುತ್ತಾರೆ. ಜುಲೈ ಮಧ್ಯಾಹ್ನವೂ ಹದಿನೆಂಟು ಹತ್ತೊಂಬತ್ತು ಡಿಗ್ರಿ ದಾಟದ ದಿನಗಳು ಬೇಕಾದಷ್ಟಿವೆ. ರಾತ್ರಿ ನಮ್ಮ ಡಿಸೆಂಬರ್ ಚಳಿಗಿಂತ ಜಾಸ್ತಿ.

ಒಳ್ಳೆಯ ತಿಂಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಮಂಜು ಕಡಿಮೆ, ಬಿಸಿಲು ಹಿತ, ಶಾಲೆ ಶುರುವಾಗಿರುವುದರಿಂದ ಜನವೂ ಕಡಿಮೆ. ಒಂದೇ ಎಚ್ಚರಿಕೆ: ಅಕ್ಟೋಬರ್ ಮಧ್ಯದಲ್ಲಿ ಹಾಫ್ ಮೂನ್ ಬೇಯಲ್ಲಿ ಕುಂಬಳಕಾಯಿ ಜಾತ್ರೆ ನಡೆಯುತ್ತದೆ. ಆ ವಾರಾಂತ್ಯ ಊರೊಳಗೆ ಹೋಗುವ 92ನೇ ನಂಬರಿನ ರಸ್ತೆ ನಮ್ಮ ದುಗ್ಗಮ್ಮನ ಜಾತ್ರೆ ದಿನದ ಹಳೇ ಊರಿನ ಹಾಗಿರುತ್ತದೆ. ಬೇರೆ ವಾರ ನೋಡಿಕೊಳ್ಳಿ. ಏಪ್ರಿಲ್‌ನಲ್ಲಿ ಹೋಗಿ ಆಗಸ್ಟ್‌ಗೆ ವಾಪಸ್ ಬರುವವರಾದರೆ ಏಪ್ರಿಲ್ ಕೊನೆ, ಮೇ ಮೊದಲ ವಾರವೂ ಪರವಾಗಿಲ್ಲ. ಗಾಳಿ ಇರುತ್ತದೆ, ಸ್ವೆಟರ್ ಬೇಕು.

2. ಜಾಗ ಆರಿಸಿ

ಜಾಗಗಳು ಮೂರು ಬಗೆ. ರಾಜ್ಯ ಸರ್ಕಾರದ ಸ್ಟೇಟ್ ಪಾರ್ಕುಗಳು, ಜಿಲ್ಲೆ ಮಟ್ಟದ ಕೌಂಟಿ ಮತ್ತು ರೀಜನಲ್ ಪಾರ್ಕುಗಳು, ಖಾಸಗಿ ಆರ್‌ವಿ ಪಾರ್ಕುಗಳು. ಸರ್ಕಾರದ್ದು ಅಗ್ಗ, ಜಾಗ ಚಂದ, ಆದರೆ ಸಮುದ್ರದ ಪಕ್ಕದ ಹೆಚ್ಚಿನ ಸೈಟುಗಳಲ್ಲಿ ಹುಕ್ಅಪ್ ಇರುವುದಿಲ್ಲ. ಖಾಸಗಿಯದ್ದು ದುಬಾರಿ, ಗಾಡಿಗಳು ಒತ್ತೊತ್ತಾಗಿ ನಿಂತಿರುತ್ತವೆ, ಆದರೆ ಕರೆಂಟು, ನೀರು, ಚರಂಡಿ ಎಲ್ಲ ಸಿಗುತ್ತದೆ. ವಯಸ್ಸಾದವರು, ಬಿಪಿ ಶುಗರ್ ಇರುವವರು, ರಾತ್ರಿ ನಾಲ್ಕು ಸಲ ಏಳುವವರು ಮೊದಲ ಸಲಕ್ಕೆ ಖಾಸಗಿ ಪಾರ್ಕನ್ನೇ ಹಿಡಿಯಿರಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಹಾಫ್ ಮೂನ್ ಬೇ ಸ್ಟೇಟ್ ಬೀಚ್: ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಸುಮಾರು 45 ಕಿ.ಮೀ. ಇಲ್ಲಿನ ಫ್ರಾನ್ಸಿಸ್ ಬೀಚ್ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಯ ಬಾಗಿಲು ತೆಗೆದರೆ ಸಮುದ್ರ. ಎಲ್ಲರಿಗೂ ಬೇಕಾದದ್ದು ಇದೇ, ಅದಕ್ಕೇ ಸಿಗುವುದು ಕಷ್ಟ.

ಪೆಸಿಫಿಕ: ನಗರಕ್ಕೆ ಇನ್ನೂ ಹತ್ತಿರ. ಸಮುದ್ರಕ್ಕೆ ಅಂಟಿಕೊಂಡಿರುವ ದಿಬ್ಬದ ಮೇಲೆ ಒಂದು ದೊಡ್ಡ ಖಾಸಗಿ ಆರ್‌ವಿ ಪಾರ್ಕಿದೆ. ನೋಟಕ್ಕೆ ಬಲು ಸೊಗಸು. ಆ ಊರಿನ ದಿಬ್ಬಗಳನ್ನು ಸಮುದ್ರ ವರ್ಷಾ ವರ್ಷ ಕೊರೆಯುತ್ತಿದೆ, ಆದ್ದರಿಂದ ಬೇಲಿ ದಾಟಿ ಫೋಟೊ ತೆಗೆಯಲು ಹೋಗಬೇಡಿ.

ಗ್ರೀನ್‌ಬ್ರೇ: ಗೋಲ್ಡನ್ ಗೇಟ್ ಸೇತುವೆಯ ಆಚೆ, ಮರಿನ್ ಕೌಂಟಿಯಲ್ಲಿ. ಸಮುದ್ರ ನೋಟ ಗೀಟ ಏನಿಲ್ಲ. ಆದರೆ ಲಾರ್ಕ್‌ಸ್ಪರ್ ಫೆರಿ ಕಟ್ಟೆ ಹತ್ತಿರ ಇದೆ. ಗಾಡಿ ಪಾರ್ಕಿನಲ್ಲೇ ಬಿಟ್ಟು ದೋಣಿ ಹತ್ತಿದರೆ ಅರ್ಧ ಗಂಟೆ ಚಿಲ್ಲರೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫೆರಿ ಬಿಲ್ಡಿಂಗ್ ಮುಂದೆ ಇಳಿಯುತ್ತೀರಿ. ನಗರ ನೋಡುವುದೇ ಮುಖ್ಯ ಆದರೆ ನನ್ನ ಓಟು ಇದಕ್ಕೆ.

ಆಂಥೊನಿ ಶಬೋ ರೀಜನಲ್ ಪಾರ್ಕ್: ಕ್ಯಾಸ್ಟ್ರೊ ವ್ಯಾಲಿ ಕಡೆ, ಕೆರೆಯ ಮೇಲಿನ ಗುಡ್ಡದಲ್ಲಿ. ಸುತ್ತ ನೀಲಗಿರಿ ಮರಗಳು. ವಾಸನೆಗೆ ನಿಮಗೆ ಊರೇ ನೆನಪಾಗುತ್ತದೆ. ಫ್ರೀಮಾಂಟ್, ಡಬ್ಲಿನ್ ಕಡೆ ಮಕ್ಕಳಿರುವವರಿಗೆ ಪ್ರಯೋಗಕ್ಕೆ ಒಂದು ರಾತ್ರಿ ಇಲ್ಲಿ ಇರುವುದು ಜಾಣತನ. ಏನಾದರೂ ಎಡವಟ್ಟಾದರೆ ಮನೆ ಹತ್ತಿರ ಇರುತ್ತದೆ.

ಮೌಂಟ್ ಮಡೋನ್ನ ಕೌಂಟಿ ಪಾರ್ಕ್: ಗಿಲ್ರಾಯ್ ಮತ್ತು ವಾಟ್ಸನ್‌ವಿಲ್ ನಡುವಿನ ಬೆಟ್ಟ. ರೆಡ್‌ವುಡ್ ಮರಗಳ ಕಾಡು. ಕರೆಂಟು ನೀರಿನ ಸೈಟುಗಳಿವೆ, ಜೊತೆಗೆ ಯರ್ಟ್ ಎಂಬ ದುಂಡನೆಯ ಗುಡಾರಗಳೂ ಬಾಡಿಗೆಗೆ ಇವೆ. ಗಾಡಿಯೇ ಬೇಡ ಅನ್ನುವವರು ಇದನ್ನು ನೋಡಿ.

ಈಗ ಒಂದು ಬಲೆ. ಹಳೆಯ ವಿಡಿಯೊ ನೋಡಿ ಜಾಗ ಆರಿಸಬೇಡಿ. ಆಪ್ಟೋಸ್ ಹತ್ತಿರದ ಸೀಕ್ಲಿಫ್ ಸ್ಟೇಟ್ ಬೀಚಿನಲ್ಲಿ ಅಲೆ ಪಕ್ಕವೇ ಸಾಲಾಗಿ ಗಾಡಿ ನಿಂತಿರುವ ವಿಡಿಯೊಗಳು ಇನ್ನೂ ಓಡಾಡುತ್ತಿವೆ. 2023ರ ಜನವರಿ ಬಿರುಗಾಳಿಯಲ್ಲಿ ಆ ಕ್ಯಾಂಪ್‌ಗ್ರೌಂಡೇ ಮುರಿದುಹೋಯಿತು. ಬಿಗ್ ಬೇಸಿನ್ ಕಾಡು 2020ರ ಆಗಸ್ಟ್ ಬೆಂಕಿಯಲ್ಲಿ ಸುಟ್ಟಿತು, ಅಲ್ಲಿನ ಹಳೆಯ ಕ್ಯಾಂಪ್‌ಗ್ರೌಂಡುಗಳ ಚಿತ್ರಗಳೂ ಹಾಗೆಯೇ ಉಳಿದುಕೊಂಡಿವೆ. ಪಾರ್ಕಿನ ಅಧಿಕೃತ ಪುಟದಲ್ಲಿ ಇವತ್ತಿನ ಸ್ಥಿತಿ ನೋಡಿಯೇ ಮುಂದುವರಿಯಿರಿ.

3. ಬುಕಿಂಗ್, ಊಟ ಆದಮೇಲೆ

ಸ್ಟೇಟ್ ಪಾರ್ಕಿನ ಸೈಟುಗಳು ರಿಸರ್ವ್ ಕ್ಯಾಲಿಫೋರ್ನಿಯಾ ಎಂಬ ತಾಣದಲ್ಲಿ ಸಿಗುತ್ತವೆ. ಆರು ತಿಂಗಳ ಮುಂಚೆ, ಅಲ್ಲಿನ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಸೆಪ್ಟೆಂಬರ್ 12ಕ್ಕೆ ಬೇಕಾದರೆ ಮಾರ್ಚ್ 12ರ ಬೆಳಿಗ್ಗೆ. ಅಲ್ಲಿನ ಮಕ್ಕಳು ಆ ಹೊತ್ತಿಗೆ ಆಫೀಸು, ಶಾಲೆ, ಟ್ರಾಫಿಕ್ಕು ಅಂತ ಒದ್ದಾಡುತ್ತಿರುತ್ತಾರೆ. ನಮಗೆ ಆಗ ಎಷ್ಟು ಗಂಟೆ ಗೊತ್ತಾ? ರಾತ್ರಿ 8:30. ರೊಟ್ಟಿ ಊಟ ಮುಗಿಸಿ ಆರಾಮಾಗಿ ಕೂತಿರುವ ಹೊತ್ತು. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಹಿಂದೆ ಇಡುತ್ತಾರೆ, ಆಗ ನಮಗೆ 9:30. ಆದ್ದರಿಂದ ಈ ಕೆಲಸ ಮಕ್ಕಳಿಗೆ ಬಿಡಬೇಡಿ. ನೀವೇ ಮಾಡಿ.

ಹಿಂದಿನ ದಿನವೇ ಖಾತೆ ತೆರೆದು ಲಾಗಿನ್ ಆಗಿ ನೋಡಿ. ಮೂರು ಸೈಟ್ ನಂಬರ್ ಬರೆದಿಟ್ಟುಕೊಳ್ಳಿ, ಒಂದೇ ನೆಚ್ಚಿಕೊಂಡರೆ ಅದು ಹೋದಾಗ ಕೈಕಾಲು ಆಡುವುದಿಲ್ಲ. ಮಕ್ಕಳ ಕಾರ್ಡ್ ವಿವರ ಪಕ್ಕದಲ್ಲಿರಲಿ, ನಮ್ಮ ಕಾರ್ಡಿಗೆ ಒಟಿಪಿ ಬರುವಷ್ಟರಲ್ಲಿ ಸೈಟು ಬೇರೆಯವರ ಪಾಲಾಗಿರುತ್ತದೆ. ಭಾನುವಾರದಿಂದ ಗುರುವಾರದ ರಾತ್ರಿಗಳು ಸಿಗುತ್ತವೆ, ಶುಕ್ರವಾರ ಶನಿವಾರ ಅದೃಷ್ಟ. ನಿವೃತ್ತರಾದ ನಮಗೆ ಯಾವ ವಾರವಾದರೇನು, ಮಕ್ಕಳು ಎರಡು ದಿನ ರಜೆ ಹಾಕಲಿ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಪ್ರತಿ ಸೈಟಿಗೂ ಎಷ್ಟು ಅಡಿ ಉದ್ದದ ಗಾಡಿ ಹಿಡಿಸುತ್ತದೆ ಎಂದು ಬರೆದಿರುತ್ತದೆ. ಅದನ್ನು ನೋಡದೆ ಬುಕ್ ಮಾಡಿ 25 ಅಡಿ ಗಾಡಿಯನ್ನು 18 ಅಡಿ ಜಾಗದ ಮುಂದೆ ತಂದು ನಿಲ್ಲಿಸುತ್ತಾರೆ. ಮೊದಲು ಜಾಗ ಅಂದದ್ದು ಇದಕ್ಕೂ ಸೇರಿ: ಸೈಟಿನ ಉದ್ದ ನೋಡಿಕೊಂಡು ಗಾಡಿ ಹಿಡಿಯಿರಿ. ಇನ್ನೊಂದು, ಸ್ಟೇಟ್ ಪಾರ್ಕಿನ ಒಂದು ಸೈಟಿಗೆ ಎಂಟೇ ಜನ. ಮಗಳ ಸಂಸಾರ, ಅಳಿಯನ ಅಣ್ಣ, ಅವರ ಅತ್ತೆ ಮಾವ ಅಂತ ಹನ್ನೆರಡು ಜನ ಹೋದರೆ ಎರಡು ಸೈಟು ಬೇಕು.

ಸಿಗಲಿಲ್ಲ ಅಂತ ಕೈಬಿಡಬೇಡಿ. ಜನ ಕೊನೆಯ ವಾರದಲ್ಲಿ ರದ್ದು ಮಾಡುತ್ತಲೇ ಇರುತ್ತಾರೆ. ದಿನಾ ಒಮ್ಮೆ ಇಣುಕುತ್ತಿರಿ.

4. ಲೈಸೆನ್ಸು

ಪ್ರವಾಸಿಗರು ತಮ್ಮ ದೇಶದ ಚಾಲ್ತಿ ಲೈಸೆನ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಾಡಿ ಓಡಿಸಬಹುದು. ಆದರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ, ಬಾಡಿಗೆಯವರು ಕೇಳುತ್ತಾರೆ. ನಿಮ್ಮ ಆರ್‌ಟಿಒದಲ್ಲೇ ಆಗುತ್ತದೆ, ಕೆಎ 17 ಆಗಲಿ ಕೆಎ 16 ಆಗಲಿ. ಫಾರಂ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷ ಚಾಲ್ತಿ. ಅದು ನಿಮ್ಮ ಲೈಸೆನ್ಸಿನ ಅನುವಾದ ಇದ್ದಂತೆ, ಅದೊಂದೇ ಸಾಲದು. ಮೂಲ ಲೈಸೆನ್ಸ್ ಜೇಬಿನಲ್ಲಿರಲೇಬೇಕು.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ಓಡಿಸುವುದು ಮಗನೋ ಮಗಳೋ ಆಗಲಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೀರಿಂಗ್ ಎಡಗಡೆ. ಅದರ ಮೇಲೆ 25 ಅಡಿ ಗಾಡಿ. ಊರಿನಲ್ಲಿ ನಲವತ್ತು ವರ್ಷ ಅಂಬಾಸಿಡರ್ ಓಡಿಸಿದ್ದೇನೆ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

5. ಗಾಡಿ ಹಿಡಿಯುವಾಗ

ಬಾಡಿಗೆ ದಿನಕ್ಕಿಷ್ಟು ಅಂತ ಕಾಣುತ್ತದೆ. ನಿಜವಾದ ಬಿಲ್ಲು ಬೇರೆ. ಮೈಲಿಗೆ ಇಷ್ಟು, ಜನರೇಟರ್ ಓಡಿಸಿದ ಗಂಟೆಗೆ ಇಷ್ಟು, ಪಾತ್ರೆ ಹಾಸಿಗೆ ಕಿಟ್ಟಿಗೆ ಇಷ್ಟು, ವಿಮೆಗೆ ಇಷ್ಟು. ಎಲ್ಲ ಸೇರಿಸಿ ಹೇಳಿ ಅಂತಲೇ ಕೇಳಿ. ಕ್ರೆಡಿಟ್ ಕಾರ್ಡಿನ ವಿಮೆ ಬಾಡಿಗೆ ಕಾರಿಗೆ ಇರುತ್ತದೆ, ಆರ್‌ವಿಗೆ ಹೆಚ್ಚಾಗಿ ಇರುವುದಿಲ್ಲ. ಪೆಟ್ರೋಲು ಒಂದು ಗ್ಯಾಲನ್‌ಗೆ 8ರಿಂದ 10 ಮೈಲಿ, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಪುಣ್ಯ.

ಗಾಡಿ ಕೊಡುವಾಗ ಅವರು ಕಾಲು ಗಂಟೆ ಎಲ್ಲ ತೋರಿಸುತ್ತಾರೆ. ಅದನ್ನು ಪೂರ್ತಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಗ ಎಲ್ಲ ಅರ್ಥವಾದಂತೆ ಅನಿಸುತ್ತದೆ, ರಾತ್ರಿ ಕತ್ತಲಲ್ಲಿ ಹೀಟರ್ ಹಚ್ಚುವಾಗ ಏನೂ ನೆನಪಿರುವುದಿಲ್ಲ. ಹೊರಗಿನ ಗೀರು, ಸೊಟ್ಟಗಳ ಫೋಟೊ ತೆಗೆಯಿರಿ. ಒಮ್ಮೆ ನಮಗೆ ಟ್ಯಾಂಕು ಪೂರ್ತಿ ಖಾಲಿ ಮಾಡಿಲ್ಲವೆಂದು ಬಾಡಿಗೆಯವರು ದಂಡ ಹಾಕಿದರು. ಖಾಲಿ ಮಾಡಿದ್ದೆವು, ಆದರೆ ಮೀಟರಿನ ಫೋಟೊ ಇರಲಿಲ್ಲ. ಕೊಟ್ಟು ಬಂದೆವು.

ಓಡಿಸುವಾಗ ಎರಡು ಸಂಗತಿ. ಎತ್ತರ ಸುಮಾರು 12 ಅಡಿ ಇರುತ್ತದೆ, ಸರಿಯಾದ ಅಳತೆ ಸ್ಟೀರಿಂಗ್ ಪಕ್ಕ ಚೀಟಿ ಬರೆದು ಅಂಟಿಸಿ. ಹೋಟೆಲಿನ ಡ್ರೈವ್ ಥ್ರೂ, ಮಾಲ್‌ಗಳ ಪಾರ್ಕಿಂಗ್ ಒಳಗೆ ಹೋಗಲೇಬೇಡಿ. ಇನ್ನೊಂದು, ಹಿಂಭಾಗದ ಬೀಸು. ಆಗುಂಬೆ ತಿರುವಿನಲ್ಲಿ ಬಸ್ಸು ತಿರುಗುವಾಗ ಅದರ ಹಿಂಭಾಗ ಪಕ್ಕಕ್ಕೆ ಬೀಸುತ್ತದಲ್ಲ, ಈ ಗಾಡಿಯೂ ಹಾಗೆಯೇ. ಪೆಟ್ರೋಲ್ ಬಂಕಿನ ಕಂಬಗಳಿಗೆ ಹೊಡೆಯುವುದು ಹೀಗೆ. ಸ್ಯಾನ್ ಹೊಸೆಯಿಂದ ಸಾಂಟಾ ಕ್ರೂಜ್‌ಗೆ ಹೋಗುವ 17ನೇ ನಂಬರಿನ ರಸ್ತೆ ಘಾಟಿ ರಸ್ತೆ, ಹಿಂದಿನವರು ಅವಸರ ಮಾಡಿದರೂ ನೀವು ನಿಧಾನವೇ ಹೋಗಿ. ರಿವರ್ಸ್ ತೆಗೆಯುವಾಗ ಒಬ್ಬರು ಇಳಿದು ಹಿಂದೆ ನಿಲ್ಲಲೇಬೇಕು, ಅದೂ ಡ್ರೈವರಿನ ಕನ್ನಡಿಗೆ ಕಾಣುವಂತೆ. ನಮ್ಮ ಬಸ್ ಕಂಡಕ್ಟರ್ "ಬರ್ಲಿ, ಬರ್ಲಿ" ಅನ್ನುವುದು ಸುಮ್ನೆ ಅಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಊರೊಳಗೆ ಆರ್‌ವಿ ಒಯ್ಯಬೇಡಿ. ಏರು ಜಾಸ್ತಿ, ನಿಲ್ಲಿಸಲು ಜಾಗ ಇಲ್ಲ, ಗಾಜು ಒಡೆದು ಬ್ಯಾಗು ಕದಿಯುವವರ ಕಾಟ ಬೇರೆ. ರಸ್ತೆ ಪಕ್ಕ ನಿಲ್ಲಿಸಿ ಮಲಗುವ ಯೋಚನೆಯೂ ಬೇಡ. ಒಂದನೇ ನಂಬರ್ ಹೆದ್ದಾರಿಯ ಉದ್ದಕ್ಕೂ ರಾತ್ರಿ ನಿಲ್ಲಿಸಬಾರದೆಂಬ ಬೋರ್ಡುಗಳಿವೆ.

6. ಅಡುಗೆ ಸಾಮಾನು

ಇಲ್ಲಿಂದ ಮಿಕ್ಸಿ ಒಯ್ಯಬೇಡಿ. ನಮ್ಮದು 230 ವೋಲ್ಟ್, ಅವರದ್ದು 120. ಇಂಡಕ್ಷನ್ ಒಲೆಯದ್ದೂ ಅದೇ ಕಥೆ. ಕುಕ್ಕರ್ ಒಯ್ಯಬಹುದು, ಗಾಡಿಯಲ್ಲಿ ಗ್ಯಾಸ್ ಒಲೆ ಇರುತ್ತದೆ. ಅಕ್ಕಿ, ಕಡಲೆ ಬ್ಯಾಗಿಗೆ ಹಾಕಬೇಡಿ. ಖಾಪ್ರಾ ಎಂಬ ಧಾನ್ಯದ ಹುಳುವಿನ ಭಯಕ್ಕೆ ನಮ್ಮ ದೇಶದಿಂದ ಪ್ರಯಾಣಿಕರು ಅವನ್ನು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯುತ್ತೀರಿ ತಾನೆ, ತಿನ್ನುವ ಪದಾರ್ಥ ಏನೇ ಇದ್ದರೂ ಅಲ್ಲಿನ ಕಸ್ಟಮ್ಸ್‌ನವರಿಗೆ ಇದೆ ಅಂತಲೇ ಹೇಳಿ. ಮಂಡಕ್ಕಿ ಸನಿವೇಲ್, ಫ್ರೀಮಾಂಟ್ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಮಂಡಕ್ಕಿ ಭಟ್ಟಿಯ ರುಚಿ ಇಲ್ಲ, ಹೊಟ್ಟೆಪಾಡಿಗೆ ಸಾಕು.

ಒಗ್ಗರಣೆ ಬಗ್ಗೆ ಎಚ್ಚರ. ಗಾಡಿಯ ಚಾವಣಿಯಲ್ಲಿ ಹೊಗೆ ಗಂಟೆ ಇರುತ್ತದೆ. ಬೆಳಿಗ್ಗೆ ಆರೂವರೆಗೆ ಮಂಡಕ್ಕಿ ಒಗ್ಗರಣೆಗೆ ಒಣಮೆಣಸಿನಕಾಯಿ ಎಣ್ಣೆಗೆ ಬೀಳುತ್ತಿದ್ದಂತೆ ಅದು ಕಿರುಚಿಕೊಂಡಿತು. ಕಿಟಕಿ ತೆಗೆದು, ಟವೆಲ್ ಬೀಸಿ, ಅದು ನಿಲ್ಲುವಷ್ಟರಲ್ಲಿ ಆಚೀಚೆಯ ನಾಲ್ಕು ಗಾಡಿಯ ಪರದೆ ಸರಿದಿದ್ದವು. ಅದರ ಬ್ಯಾಟರಿ ಮಾತ್ರ ಕೀಳಬೇಡಿ, ಜೀವ ಉಳಿಸುವ ಸಾಮಾನು ಅದು. ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಎಲ್ಲ ಹೊರಗಿನ ಮೇಜಿನ ಮೇಲೆ ಸಣ್ಣ ಕ್ಯಾಂಪ್ ಒಲೆಯಲ್ಲಿ ಮಾಡಿ. ಚಳಿ ಅಂತ ಗಾಡಿಯ ಒಲೆ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ, ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ.

7. ಸೈಟಿಗೆ ಬಂದ ಮೇಲೆ

ಬೆಳಕಿರುವಾಗಲೇ ತಲುಪಿ. ಸ್ಟೇಟ್ ಪಾರ್ಕುಗಳಲ್ಲಿ ಮಧ್ಯಾಹ್ನ 2ಕ್ಕೆ ಒಳಗೆ ಬಿಡುತ್ತಾರೆ.

ಮೊದಲು ಗಾಡಿ ಮಟ್ಟವಾಗಿ ನಿಲ್ಲಬೇಕು. ಓರೆ ನಿಂತರೆ ಹಳೆ ನಮೂನೆಯ ಗ್ಯಾಸ್ ಫ್ರಿಜ್ ಸರಿಯಾಗಿ ತಣ್ಣಗೆ ಮಾಡುವುದಿಲ್ಲ, ರಾತ್ರಿ ನೀವೂ ಹಾಸಿಗೆಯಿಂದ ಜಾರುತ್ತೀರಿ. ಮೇಜಿನ ಮೇಲೆ ತಟ್ಟೆಯಲ್ಲಿ ನೀರಿಟ್ಟು ನೋಡಿ, ತಗ್ಗಿನ ಚಕ್ರದ ಕೆಳಗೆ ಹಲಗೆ ಕೊಡಿ.

ಕರೆಂಟು: ಕಂಬದ ಪೆಟ್ಟಿಗೆಯಲ್ಲಿ ಮೊದಲು ಬ್ರೇಕರ್ ಆಫ್ ಮಾಡಿ, ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ. 30 ಆಂಪ್ ಅಂತ ಬರೆದಿದ್ದರೆ ನಿಮಗೆ ಸಿಗುವುದು 30 ಗುಣಿಸು 120, ಅಂದರೆ 3600 ವಾಟ್ ಅಷ್ಟೇ. ನೀರು ಕಾಯಿಸುವ ಕೆಟಲ್ 1500, ಕರೆಂಟಿನ ಹೀಟರ್ 1500, ಅದರ ಜೊತೆ ಮೈಕ್ರೋವೇವ್ ಒತ್ತಿದಿರೋ, ಟಪ್ ಅಂತ ಕತ್ತಲು. ಲೋಡ್ ಶೆಡ್ಡಿಂಗ್ ಅಂದುಕೊಂಡು ಕೂರಬೇಡಿ, ಬ್ರೇಕರ್ ನೋಡಿ. ಒಂದು ಸಲಕ್ಕೆ ಒಂದೇ ದೊಡ್ಡ ಸಾಮಾನು.

ನೀರು: ಕುಡಿಯುವ ನೀರಿಗೆ ಬಿಳಿ ಪೈಪು, ಬೇರೆಯದೇ. ಅದಕ್ಕೆ ಒತ್ತಡ ತಗ್ಗಿಸುವ ಹಿತ್ತಾಳೆ ತುಂಡೊಂದು ಬರುತ್ತದೆ, ನಲ್ಲಿಗೆ ಮೊದಲು ಅದನ್ನು ಹಾಕಿ, ಆಮೇಲೆ ಪೈಪು. ಇಲ್ಲದಿದ್ದರೆ ಒಳಗಿನ ಪೈಪು ಬಿರಿಯಬಹುದು. ಹುಕ್ಅಪ್ ಇಲ್ಲದ ಸೈಟಿನಲ್ಲಿ ಟ್ಯಾಂಕಿನ ನೀರೇ ಗತಿ. ಹೆಚ್ಚಿನ ಗಾಡಿಗಳಲ್ಲಿ 30, 40 ಗ್ಯಾಲನ್, ಅಂದರೆ 115ರಿಂದ 150 ಲೀಟರ್. ಅಮೆರಿಕದಲ್ಲೇ ಬೆಳೆದ ಮೊಮ್ಮಗ ಒಂದು ಸ್ನಾನದಲ್ಲಿ ಅದನ್ನು ಮುಗಿಸುತ್ತಾನೆ. ನಲ್ಲಿಯಲ್ಲಿ ದಿನಾ ನೀರು ಬಾರದ ಊರಿನಲ್ಲಿ ಬದುಕಿದ ನಮಗೆ ಅಷ್ಟು ನೀರು ಎರಡು ದಿನಕ್ಕೆ ಧಾರಾಳ. ಇದೊಂದು ವಿಷಯದಲ್ಲಿ ನಾವೇ ಮೇಷ್ಟ್ರು.

ಸೈಟಿನ ಹೊರಗಿನ ನಲ್ಲಿ ಕೆಳಗೆ ಪಾತ್ರೆ ತೊಳೆಯಬೇಡಿ, ಮುಸುರೆ ನೀರು ನೆಲಕ್ಕೆ ಚೆಲ್ಲಬೇಡಿ. ನಮ್ಮವರಿಗೆ ಹೆಚ್ಚು ಬೈಸಿಕೊಳ್ಳುವ ಯೋಗ ಬರುವುದು ಇಲ್ಲೇ. ಮರದಿಂದ ಮರಕ್ಕೆ ಹಗ್ಗ ಕಟ್ಟಿ ಸೀರೆ ಒಣಗಿಸುವುದೂ ಬೇಡ.

8. ಕೊಳೆ ನೀರು

ಗಾಡಿಯ ಹೊಟ್ಟೆಯಲ್ಲಿ ಎರಡು ಟ್ಯಾಂಕು. ಸ್ನಾನ, ಪಾತ್ರೆಯ ನೀರಿಗೆ ಗ್ರೇ ಟ್ಯಾಂಕ್. ಕಕ್ಕಸಿನದ್ದಕ್ಕೆ ಬ್ಲ್ಯಾಕ್ ಟ್ಯಾಂಕ್. ಅಲ್ಲಿ ನಗರಸಭೆಯೂ ನೀವೇ, ಪೌರಕಾರ್ಮಿಕರೂ ನೀವೇ. ಅಸಹ್ಯ ಪಟ್ಟುಕೊಂಡು ಅಳಿಯನ ತಲೆಗೆ ಕಟ್ಟಬೇಡಿ, ಕ್ರಮ ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ.

ಕೈಗೆ ಗ್ಲೋವ್ಸ್ ಹಾಕಿ. ಎರಡೂ ವಾಲ್ವ್ ಮುಚ್ಚಿವೆಯೇ ನೋಡಿ. ದಪ್ಪ ಪೈಪಿನ ಒಂದು ತುದಿ ಗಾಡಿಗೆ ತಿರುಗಿಸಿ ಕೂರಿಸಿ, ಇನ್ನೊಂದು ತುದಿ ನೆಲದ ತೂತಿನೊಳಗೆ ಇಳಿಸಿ ಮೇಲೆ ಕಲ್ಲಿಡಿ ಅಥವಾ ಕಾಲಿಡಿ. ಈಗ ಬ್ಲ್ಯಾಕ್ ವಾಲ್ವ್ ಎಳೆಯಿರಿ. ಜೋರಾಗಿ ಬಂದ ಸದ್ದು ಕಡಿಮೆಯಾಗಿ ತೊಟ್ಟಿಕ್ಕುವವರೆಗೆ ಕಾಯಿರಿ. ಅದನ್ನು ಮುಚ್ಚಿ, ಆಮೇಲೆ ಗ್ರೇ ವಾಲ್ವ್ ಎಳೆಯಿರಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಯಾವಾಗಲೂ ಕರಿಯದು ಮೊದಲು, ಬೂದಿ ಆಮೇಲೆ. ಉಲ್ಟಾ ಮಾಡಿದರೆ ಪೈಪು ತೊಳೆಯಲು ಏನೂ ಉಳಿದಿರುವುದಿಲ್ಲ.

ಫುಲ್ ಹುಕ್ಅಪ್ ಸಿಕ್ಕಿತು ಅಂತ ಬ್ಲ್ಯಾಕ್ ವಾಲ್ವ್ ಇಡೀ ದಿನ ತೆಗೆದಿಡುವುದು ದೊಡ್ಡ ತಪ್ಪು. ನೀರು ಹರಿದುಹೋಗಿ ಗಟ್ಟಿಯದ್ದು ಒಳಗೇ ಗುಡ್ಡೆಯಾಗಿ ಒಣಗುತ್ತದೆ. ಮುಕ್ಕಾಲು ತುಂಬುವವರೆಗೆ ಮುಚ್ಚಿಟ್ಟು ಒಮ್ಮೆಗೇ ಬಿಡಬೇಕು. ಇನ್ನು ನಮ್ಮ ಚೊಂಬಿನ ಅಭ್ಯಾಸ: ಟ್ಯಾಂಕಿಗೆ ನೀರು ಒಳ್ಳೆಯದೇ, ಆದರೆ ಬೇಗ ತುಂಬುತ್ತದೆ. ಮೀಟರ್ ನೋಡುತ್ತಿರಿ. ಕಾಗದ ಬಳಸಿದರೆ ಆರ್‌ವಿಗೆಂದೇ ಸಿಗುವ ಕರಗುವ ಕಾಗದ. ಒದ್ದೆ ವೈಪ್ಸ್ ಹಾಕಿದರೆ ಕಟ್ಟಿಕೊಳ್ಳುತ್ತದೆ.

ಕೊನೆಯ ಎಚ್ಚರಿಕೆ. ಡಂಪ್ ಸ್ಟೇಷನ್ನಿನಲ್ಲಿ ಕಟ್ಟೆ ತೊಳೆಯಲು ಒಂದು ನಲ್ಲಿ ಇರುತ್ತದೆ, ಕುಡಿಯಲು ಅಲ್ಲ ಅಂತ ಬೋರ್ಡು ಇರುತ್ತದೆ. ಬಿಳಿ ಪೈಪನ್ನು ಅದರ ಹತ್ತಿರವೂ ಒಯ್ಯಬೇಡಿ.

9. ಸದ್ದು, ಬೆಂಕಿ, ಪ್ರಾಣಿ, ಅಲೆ

ಸ್ಟೇಟ್ ಪಾರ್ಕುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಜನರೇಟರ್ ರಾತ್ರಿ 8ರಿಂದ ಬೆಳಿಗ್ಗೆ 10ರವರೆಗೆ ಬಂದ್. ನಿದ್ದೆಯಲ್ಲಿ ಉಸಿರಾಟದ ಯಂತ್ರ ಬಳಸುವವರು ಇದಕ್ಕೇ ಕರೆಂಟಿನ ಸೈಟನ್ನೇ ಹಿಡಿಯಬೇಕು.

ಸೌದೆ ಅಲ್ಲೇ ಕೊಳ್ಳಿ. ದೂರದಿಂದ ಒಯ್ದರೆ ಅದರ ಜೊತೆ ಮರಕ್ಕೆ ರೋಗ, ಹುಳು ಹೋಗುತ್ತದೆಂದು ಅವರು ಬೇಡವೆನ್ನುತ್ತಾರೆ. ಬೆಂಕಿ ಗುಂಡಿಯೊಳಗೆ ಮಾತ್ರ, ಅದೂ ಆ ದಿನ ನಿಷೇಧ ಇಲ್ಲದಿದ್ದರೆ.

ಈ ಕರಾವಳಿಯಲ್ಲಿ ಕರಡಿ ಭಯವಿಲ್ಲ, ರಕೂನ್ ಭಯವಿದೆ. ಮುಖಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡ ಕಳ್ಳನಂತಿರುತ್ತದೆ, ಡಬ್ಬಿ ಮುಚ್ಚಳ ತೆಗೆಯಲು ಬರುತ್ತದೆ. ರಾತ್ರಿ ಹೊರಗೆ ಏನೂ ಬಿಡಬೇಡಿ.

ರೆಡ್‌ವುಡ್ ಕಾಡಿನ ಪಾರ್ಕುಗಳಲ್ಲಿ ಒಂದು ತುಣುಕು ತಿಂಡಿಯೂ ನೆಲಕ್ಕೆ ಬೀಳಬಾರದೆಂದು ಬರೆದಿರುತ್ತಾರೆ. ಅತಿಯಾಯಿತು ಅಂದುಕೊಂಡಿದ್ದೆ. ಕಾರಣ ಆಮೇಲೆ ತಿಳಿಯಿತು. ಮಾರ್ಬಲ್ಡ್ ಮರ್‌ಲೆಟ್ ಎಂಬ ಕಡಲ ಹಕ್ಕಿ ಸಮುದ್ರದಿಂದ ಹಾರಿ ಬಂದು ಈ ಹಳೆಯ ಮರಗಳ ಎತ್ತರದ ಕೊಂಬೆಯ ಪಾಚಿಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ನಮ್ಮ ತಿಂಡಿಗೆ ಬರುವ ನೀಲಿ ಜೇ ಹಕ್ಕಿ, ಕಾಗೆಗಳು ಆ ಮೊಟ್ಟೆಯನ್ನೂ ಹುಡುಕಿ ತಿನ್ನುತ್ತವೆ. ಮಂಡಕ್ಕಿಯನ್ನು ಮೇಜಿನ ಮೇಲೆ ಸುರಿದುಕೊಂಡು ತಿನ್ನುವ ಅಭ್ಯಾಸ ನಮ್ಮದು, ಗಾಳಿಗೆ ನಾಲ್ಕು ಕಾಳು ಹಾರಿದವು. ಎರಡು ಜೇ ಬಂದು ಕೂತವು, ನೆತ್ತಿಯ ಜುಟ್ಟು ಕಪ್ಪು, ಮೈ ಗಾಢ ನೀಲಿ, ಒಂದೊಂದೇ ಕಾಳು ಹೆಕ್ಕಿ ನಮ್ಮ ಮುಖ ನೋಡುತ್ತಿದ್ದವು. ಕಾಡಿನಲ್ಲಿ ಮಂಡಕ್ಕಿ ಗಾಡಿಯೊಳಗೇ ತಿನ್ನಿ, ಬಟ್ಟಲಲ್ಲಿ.

ಸಮುದ್ರ ಮಲ್ಪೆಯದ್ದಲ್ಲ. ನೀರು ಬೇಸಿಗೆಯಲ್ಲೂ ಐಸಿನಂತಿರುತ್ತದೆ, ಒಳಸೆಳೆತ ಜೋರು. ಹತ್ತು ನಿಮಿಷ ಸುಮ್ಮನಿದ್ದು ಒಮ್ಮೆಗೇ ದೊಡ್ಡ ಅಲೆ ಮೇಲೆ ನುಗ್ಗುತ್ತದೆ. ಸೀರೆ ನೆರಿಗೆ ಎತ್ತಿಕೊಂಡು ನೀರಿಗೆ ಬೆನ್ನು ಹಾಕಿ ಫೋಟೊಗೆ ನಿಲ್ಲಬೇಡಿ. ನೀರಿಗೆ ಮುಖ ಮಾಡಿಯೇ ಇರಿ.

10. ಹೊರಡುವಾಗ

ಸ್ಟೇಟ್ ಪಾರ್ಕಿನಲ್ಲಿ ಮಧ್ಯಾಹ್ನ 12ಕ್ಕೆ ಸೈಟ್ ಬಿಡಬೇಕು. ಡಂಪ್ ಸ್ಟೇಷನ್ನಿಗೆ ಹನ್ನೊಂದೂವರೆಗೆ ಸಾಲು ಹತ್ತುತ್ತದೆ, ಒಂಬತ್ತಕ್ಕೇ ಹೋಗಿ ಬನ್ನಿ. ಗ್ಯಾಸ್ ವಾಲ್ವ್ ಬಂದ್, ಚಾವಣಿ ಕಿಟಕಿ ಬಂದ್, ಮೆಟ್ಟಿಲು ಒಳಗೆ, ಫ್ರಿಜ್ ಚಿಲಕ, ಎಲ್ಲ ಕಪಾಟಿನ ಚಿಲಕ. ಕುಕ್ಕರ್ ಮೇಲಿನ ಕಪಾಟಿನಲ್ಲಿಡಬೇಡಿ, ಮೊದಲ ತಿರುವಿನಲ್ಲೇ ಕೆಳಗೆ ಬರುತ್ತದೆ. ಒಬ್ಬರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕರೆಂಟಿನ ವೈರು, ನೀರಿನ ಪೈಪು ಕಳಚಿದೆಯೇ ನೋಡಿ. ವೈರು ಎಳೆದುಕೊಂಡೇ ಹೊರಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಾಡಿಗೆಯವರ ಹತ್ತಿರ ಹೋಗುವ ಮೊದಲು ಪೆಟ್ರೋಲು ಕೊಟ್ಟಷ್ಟೇ ತುಂಬಿಸಿ. ಎರಡೂ ಟ್ಯಾಂಕಿನ ಮೀಟರ್, ಪೆಟ್ರೋಲ್ ಮುಳ್ಳು, ಮೈಲಿ ಅಂಕಿ, ನಾಲ್ಕೂ ಒಂದೇ ಫೋಟೊದಲ್ಲಿ ಬರುವುದಿಲ್ಲ. ನಾಲ್ಕು ಫೋಟೊ ತೆಗೆಯಿರಿ, ಅವರ ಅಂಗಳದಲ್ಲಿ ನಿಂತು, ಕೀಲಿ ಕೈಯಲ್ಲಿರುವಾಗಲೇ.